ಬುಟ್ಟಿಯೂ ಗೃಹವ್ಯವಸ್ಥೆಯೂ

ಈಚಿನ ವರ್ಷಗಳಲ್ಲಿ ನಗರಗಳ ದೊಡ್ಡ ಅಂಗಡಿಗಳಿಂದ ಮೊದಲುಗೊಂಡು ಹಳ್ಳಿಯ ಜಾತ್ರೆಯ ಬೀದಿಬದಿಯವರೆಗೆ ರಾಶಿರಾಶಿಯಾಗಿ ಮಾರಾಟವಾಗುತ್ತಿರುವ ಪ್ಲಾಸ್ಟಿಕ್ ಬುಟ್ಟಿಗಳನ್ನು, ಬೆತ್ತದ ಹೆಣಿಗೆಯನ್ನು ಅನುಕರಿಸಿ ದಂತವರ್ಣ, ಬೂದಿಬಣ್ಣ, ತಿಳಿಗುಲಾಬಿಗಳಲ್ಲಿ ಅಚ್ಚು ಹೊಯ್ದ ಆ ಅಲಂಕೃತ ಪಾತ್ರೆಗಳನ್ನು, ವಿಚಾರವಂತರೆನಿಸಿದ ಅನೇಕರು ಎರಡು ಬಗೆಯಾಗಿ ತಿರಸ್ಕರಿಸುವುದುಂಟು. ಪರಿಸರವನ್ನು ಕುರಿತು ಚಿಂತಿಸುವವರು ಮನೆಯೊಳಕ್ಕೆ ಮತ್ತಷ್ಟು ಪ್ಲಾಸ್ಟಿಕ್ ಬಂದಿತೆಂದು ವ್ಯಥೆಪಡುತ್ತಾರೆ. ಮನೆಗೆಲಸವೆಂಬುದು ವಿಚಾರಕ್ಕೆ ಯೋಗ್ಯವಾದ ವಿಷಯವೇ ಅಲ್ಲವೆಂದು ಬಗೆದವರು ಇದು ಹೆಂಗಸರ ಹವ್ಯಾಸವೆಂದು ಮಾತು ಮುಗಿಸುತ್ತಾರೆ. ಮೊದಲನೆಯವರ ವ್ಯಥೆಯಲ್ಲಿ ಸತ್ಯಾಂಶವಿರುವುದರಿಂದ ಅದನ್ನು ಮುಂದೆ ಪರ್ಯಾಲೋಚಿಸುತ್ತೇನೆ. ಎರಡನೆಯವರ ಅಭಿಪ್ರಾಯವನ್ನು ಮಾತ್ರ ನಾನು ಎಳ್ಳಷ್ಟೂ ಒಪ್ಪಲಾರೆ. ಒಂದು ಕುಟುಂಬದ ಪದಾರ್ಥಗಳು ಎಲ್ಲೆಲ್ಲಿ ಇರತಕ್ಕದ್ದು, ಅವು ಇರುವ ಸ್ಥಳವು ಆ ಕುಟುಂಬದಲ್ಲಿ ಯಾರಿಗೆಲ್ಲ ತಿಳಿದಿರತಕ್ಕದ್ದು ಎಂಬ ಪ್ರಶ್ನೆಯು ಶ್ರಮದ ಹಂಚಿಕೆಗೆ ಸಂಬಂಧಿಸಿದ ಪ್ರಶ್ನೆ. ಬುಟ್ಟಿಯ ಯೋಗ್ಯತೆಯನ್ನು ಅದರ ಚೆಲುವಿನಿಂದ ಅಳೆಯದೆ ಈ ಪ್ರಶ್ನೆಗೆ ಅದು ಕೊಡುವ ಉತ್ತರದಿಂದ ಅಳೆಯಬೇಕೆಂಬುದು ನನ್ನ ವಾದ.

ನಮ್ಮ ಹಿಂದಿನ ಮನೆಗಳಲ್ಲಿ ಇಂತಹ ಬುಟ್ಟಿಗೆ ಅವಕಾಶವೇ ಇರಲಿಲ್ಲ. ಏಕೆಂದರೆ ಅಲ್ಲಿ ವ್ಯವಸ್ಥೆಯು ಕಟ್ಟಡದಲ್ಲಿಯೇ ಅಂತರ್ಗತವಾಗಿತ್ತು. ಗೋಡೆಯನ್ನು ಎಬ್ಬಿಸುವಾಗಲೇ ದೀಪಕ್ಕೊಂದು ಗೂಡು, ಕುಂಕುಮದ ಭರಣಿಗೊಂದು ಗೂಡು ಬಿಡುತ್ತಿದ್ದರು. ಉತ್ತರೀಯವನ್ನು ತಗುಲಿಹಾಕಲು ಗಿಳಿಗೂಟವಿತ್ತು. ಆಳೆತ್ತರದ ಮೇಲೆ ನಾಗಂದಿಗೆ ಗೋಡೆಯುದ್ದಕ್ಕೂ ಹಾಯುತ್ತಿತ್ತು. ಹಾಲು ಬೆಣ್ಣೆಗಳು ಬೆಕ್ಕಿಗೆ ನಿಲುಕದಂತೆ ನೆಲವಿನಲ್ಲಿ ತೂಗುತ್ತಿದ್ದವು. ವರ್ಷದ ಹುಣಿಸೆಹಣ್ಣೂ ಹಪ್ಪಳ ಸಂಡಿಗೆಗಳೂ ಅಟ್ಟವನ್ನು ಸೇರುತ್ತಿದ್ದವು. ಧಾನ್ಯಕ್ಕೆ ಬಯಲುಸೀಮೆಯಲ್ಲಿ ನೆಲದೊಳಗಿನ ಹಗೇವು, ಮಣ್ಣಿನ ವಾಡೆ; ಮಲೆನಾಡಿನಲ್ಲಿ ಮರದ ಪತ್ತಾಯ, ಬಿದಿರು ಹೆಣೆದು ಸಗಣಿ ಬಳಿದ ಕಣಜ; ಉಪ್ಪಿಗೆ ಮರಿಗೆ, ಉಪ್ಪಿನಕಾಯಿಗೆ ಜಾಡಿ. ಪದಾರ್ಥಗಳು ಮಿತವಾಗಿದ್ದವು, ಅವುಗಳ ಸ್ಥಾನಗಳು ತಲೆಮಾರು ಕಳೆದರೂ ಬದಲಾಗುತ್ತಿರಲಿಲ್ಲ. ಆದ್ದರಿಂದ ಮನೆಗೆ ಹೊಸದಾಗಿ ಕಾಲಿಟ್ಟ ಸೊಸೆಯು ಕೂಡ ಕೆಲವು ದಿನಗಳಲ್ಲಿಯೇ ಕತ್ತಲೆಯಲ್ಲಿ ಕೈಯಿಟ್ಟು ಬೇಕಾದುದನ್ನು ತೆಗೆಯಬಲ್ಲವಳಾಗುತ್ತಿದ್ದಳು.

ಇಂದು ಬೆಂಗಳೂರಿನಲ್ಲಾಗಲಿ ಹುಬ್ಬಳ್ಳಿಯಲ್ಲಾಗಲಿ, ಇಪ್ಪತ್ತು ಮೂವತ್ತರ ನಿವೇಶನದಲ್ಲಿ ಅಂತಸ್ತಿನ ಮೇಲೆ ಅಂತಸ್ತಾಗಿ ಎದ್ದ ಬಾಡಿಗೆ ಮನೆಗೆ ಬಂದು ಸೇರುವ ಸಂಸಾರದ ಸ್ಥಿತಿಯನ್ನು ನೆನೆಯಿರಿ. ಹನ್ನೊಂದು ತಿಂಗಳ ಕರಾರು. ಗೋಡೆಗೆ ಮೊಳೆ ಹೊಡೆಯಕೂಡದೆಂಬ ಮಾಲೀಕರ ನಿಬಂಧನೆ. ಅಡಿಗೆಮನೆಯಲ್ಲಿ ಕಡಪ ಕಲ್ಲಿನ ಎರಡು ಮೂರು ಹಲಗೆಗಳು, ಮಲಗುವ ಕೋಣೆಯಲ್ಲಿ ಒಂದು ಸಜ್ಜೆ, ಒಂದು ಕಬ್ಬಿಣದ ಬೀರು. ಇಷ್ಟರಲ್ಲಿ ಅಡಗಬೇಕಾದ ಪದಾರ್ಥಗಳಾದರೋ ನಮ್ಮ ಅಜ್ಜಿಯರು ಕಂಡರಿಯದವು: ಮೊಬೈಲಿನ ಚಾರ್ಜರುಗಳು, ಅತ್ತೆಮಾವಂದಿರ ಔಷಧದ ಮಾತ್ರೆಗಳ ಹಾಳೆಗಳು, ವಿದ್ಯುತ್ತಿನ ಬಿಲ್ಲುಗಳು, ಆಧಾರಿನ ಜೆರಾಕ್ಸ್ ಪ್ರತಿಗಳು, ಮಕ್ಕಳ ಬಣ್ಣದ ಪೆನ್ಸಿಲು ಗೋಂದುಗಳು, ಅರ್ಧ ಉಪಯೋಗಿಸಿದ ಬ್ಯಾಟರಿಗಳು, ಎಂದೋ ಬೇಕಾದೀತೆಂದು ಮಡಿಚಿಟ್ಟ ಕವರುಗಳು. ಇವುಗಳಿಗೆ ಪರಂಪರೆಯು ಯಾವ ಗೂಡನ್ನೂ ಗೊತ್ತುಮಾಡಿಲ್ಲ. ಮನೆ ಬದಲಾಯಿಸಿದಾಗಲೆಲ್ಲ ಸ್ಥಾನಗಳೂ ಬದಲಾಗುತ್ತವೆ. ಕಟ್ಟಡವು ಹೊರುತ್ತಿದ್ದ ಹೊರೆಯು ಹೀಗೆ ಮನುಷ್ಯರ ಸ್ಮೃತಿಯ ಮೇಲೆ ಬಿದ್ದಿತು. ನಮ್ಮ ಕುಟುಂಬಗಳ ರೀತಿಯನ್ನು ಬಲ್ಲವರಿಗೆ, ಅದು ಯಾರ ಸ್ಮೃತಿಯ ಮೇಲೆ ಬಿದ್ದಿತೆಂಬುದನ್ನು ವಿವರಿಸಬೇಕಾದ ಅಗತ್ಯವಿಲ್ಲ.

"ಅಮ್ಮಾ, ಕತ್ತರಿ ಎಲ್ಲಿ?" "ಏನೇ, ಆ ಗ್ಯಾಸಿನ ಪುಸ್ತಕ ಕಂಡೆಯಾ?" "ಅಕ್ಕಾ, ಬೆಂಕಿಪೊಟ್ಟಣ ಸಿಗ್ತಾ ಇಲ್ಲ" — ಈ ಪ್ರಶ್ನೆಗಳು ದಿನವಿಡೀ ಒಬ್ಬಳೇ ವ್ಯಕ್ತಿಯನ್ನು ಅರಸಿಕೊಂಡು ಬರುತ್ತವೆ. ಆಕೆ ಒಲೆಯ ಮುಂದಿದ್ದರೂ ಬರುತ್ತವೆ, ಕಚೇರಿಯಿಂದ ಆಗತಾನೆ ಬಂದು ಕುಳಿತಿದ್ದರೂ ಬರುತ್ತವೆ, ಜ್ವರದಿಂದ ಮಲಗಿದ್ದರೂ ಬರುತ್ತವೆ. ಕೇಂದ್ರ ಸರ್ಕಾರದ ಸಾಂಖ್ಯಿಕ ಇಲಾಖೆಯು 2019ರಲ್ಲಿ ನಡೆಸಿದ ಕಾಲವಿನಿಯೋಗ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಸ್ತ್ರೀಯರು ದಿನವೊಂದಕ್ಕೆ ಸರಾಸರಿ 299 ನಿಮಿಷಗಳನ್ನೂ, ಹಾಗೆ ತೊಡಗುವ ಪುರುಷರು 97 ನಿಮಿಷಗಳನ್ನೂ ಅದಕ್ಕೆ ವಿನಿಯೋಗಿಸುತ್ತಿದ್ದರು. ಈ ಗಣನೆಯು ಅಡಿಗೆ, ಗುಡಿಸುವುದು, ಒಗೆಯುವುದು ಮುಂತಾದ ಕಣ್ಣಿಗೆ ಕಾಣುವ ಕೆಲಸಗಳನ್ನು ಹಿಡಿದೀತು. ಇಡೀ ಮನೆಯ ಸ್ಥಾನಸೂಚಿಯನ್ನು ತಲೆಯಲ್ಲಿ ಹೊತ್ತು, ಕೇಳಿದವರಿಗೆಲ್ಲ ಒಡನೆಯೇ ಉತ್ತರ ಕೊಡಬೇಕಾದ ಆ ನಿರಂತರ ಜಾಗರೂಕತೆಯನ್ನು ಯಾವ ಗಡಿಯಾರದ ಲೆಕ್ಕಕ್ಕೆ ತರೋಣ? ತವರಿಗೆ ಹೋದ ಗೃಹಿಣಿಗೆ ಕಡಲೆಬೇಳೆಯ ಡಬ್ಬಿ ಎಲ್ಲಿದೆಯೆಂದು ದೂರವಾಣಿಯಲ್ಲಿ ಕೇಳುವ ಮನೆಯವರು, ಪ್ರೀತಿಯಲ್ಲಿ ಕೊರತೆಯುಳ್ಳವರಲ್ಲ. ಆ ಮನೆಯಲ್ಲಿ ಪದಾರ್ಥಗಳ ಸ್ಥಳವು ಪದಾರ್ಥಗಳನ್ನೇ ನೋಡಿ ತಿಳಿಯುವಂತೆ ಇಲ್ಲ, ಅಷ್ಟೆ.

ಈ ವಿಷಯವನ್ನು ನಮ್ಮ ನಾಡಿನಲ್ಲಿ ಆಳವಾಗಿ ಚಿಂತಿಸಿದವರು ಗೃಹಶಾಸ್ತ್ರಜ್ಞರಲ್ಲ, ಗ್ರಂಥಾಲಯ ವಿಜ್ಞಾನದ ಆಚಾರ್ಯರಾದ ಶಿಯಾಳಿ ರಾಮಾಮೃತ ರಂಗನಾಥನ್ ಅವರು. ತಮ್ಮ ಬಾಳಿನ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು, 1962ರಲ್ಲಿ ಅಲ್ಲಿ ಗ್ರಂಥಾಲಯ ವಿಜ್ಞಾನದ ಸಂಶೋಧನ ಕೇಂದ್ರವನ್ನು ತೆರೆದ ಈ ಮಹನೀಯರು, 1931ರಷ್ಟು ಹಿಂದೆಯೇ ಪ್ರತಿಪಾದಿಸಿದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗನ ಕಾಲವನ್ನು ಉಳಿಸಬೇಕೆಂಬುದನ್ನು ವಿಧಿಸುತ್ತದೆ. ಪುಸ್ತಕಗಳನ್ನು ಬೀಗದ ಹಿಂದಿಟ್ಟು, ಅವುಗಳ ಸ್ಥಳವನ್ನು ಬಲ್ಲ ಒಬ್ಬ ಪಾಲಕನನ್ನೇ ಎಲ್ಲರೂ ಕಾಯ್ದು ನಿಲ್ಲುವ ಪದ್ಧತಿಯನ್ನು ಅವರು ಒಪ್ಪಲಿಲ್ಲ; ಕಪಾಟುಗಳು ತೆರೆದಿರಬೇಕು, ಅವುಗಳ ಮೇಲಿನ ಕ್ರಮವು ತನ್ನಷ್ಟಕ್ಕೆ ತಾನೇ ಓದುಗನಿಗೆ ದಾರಿ ತೋರಬೇಕು ಎಂಬುದು ಅವರ ದೃಷ್ಟಿ. ಸಂಸಾರಕ್ಕೂ ಇದು ಅಕ್ಷರಶಃ ಅನ್ವಯಿಸುವುದೆಂದು ನಾನು ನಂಬುತ್ತೇನೆ. ಗೃಹಿಣಿಯು ತನ್ನ ಮನೆಯ ಏಕಮಾತ್ರ ಗ್ರಂಥಪಾಲಕಿಯಾಗಿ ಉಳಿದಿರುವವರೆಗೆ ಆಕೆಗೆ ವಿರಾಮವಿಲ್ಲ. ಬುಟ್ಟಿಯು ಮಾಡಬಹುದಾದ ಮಹೋಪಕಾರವೆಂದರೆ, ಒಬ್ಬಳ ತಲೆಯಲ್ಲಿದ್ದ ಆ ಜ್ಞಾನವನ್ನು ಹೊರಗೆ ತಂದು, ಏಳು ವರ್ಷದ ಮಗುವಿಗೂ ಎಪ್ಪತ್ತು ವರ್ಷದ ಮಾವನವರಿಗೂ ಸಮಾನವಾಗಿ ಕಾಣುವಂತೆ ಹಲಗೆಯ ಮೇಲೆ ನಿಲ್ಲಿಸುವುದು.

ಹೀಗೆ ನಿಲ್ಲಿಸುವ ಕ್ರಮದಲ್ಲಿ ಸಾಮಾನ್ಯವಾಗಿ ಒಂದು ಪ್ರಮಾದ ನಡೆಯುತ್ತದೆ. ಪದಾರ್ಥಗಳನ್ನು ಅವುಗಳ ಜಾತಿಯನ್ನು ಹಿಡಿದು ವಿಂಗಡಿಸುವುದು ನಮಗೆ ಸಹಜವೆನಿಸುತ್ತದೆ. ಆದರೆ ಕೈಗೆ ಬೇಕಾಗುವುದು ಜಾತಿಯಲ್ಲ, ಸಂದರ್ಭ. ಸಂಜೆಯ ದೀಪಕ್ಕೆ ಬತ್ತಿ, ಎಣ್ಣೆ, ಊದಿನಕಡ್ಡಿ, ಕರ್ಪೂರ, ಬೆಂಕಿಪೊಟ್ಟಣ ಒಟ್ಟಿಗೆ ಬೇಕು. ಬೆಂಕಿಪೊಟ್ಟಣವು ಅಡಿಗೆಮನೆಯ ವಸ್ತುವೆಂದು ಅದನ್ನು ಅಲ್ಲಿಯೇ ಇರಿಸಿದರೆ ದಿನವೂ ಒಬ್ಬರು ಎದ್ದು ಹೋಗಿ ತರಬೇಕು, ತಂದದ್ದು ಹಿಂದಿರುಗದೆ ಮರುದಿನ ಬೆಳಿಗ್ಗೆ ಹುಡುಕಾಟ ನಡೆಯಬೇಕು. ಎರಡು ಬೆಂಕಿಪೊಟ್ಟಣಗಳನ್ನಿಡುವುದು ದುಂದಲ್ಲ. ಬೆಳಗಿನ ಕಾಫಿಗೆ ಬೇಕಾದ ಫಿಲ್ಟರು, ಕಾಫಿಪುಡಿ, ಸಕ್ಕರೆ, ಸೋಸುವ ಬಟ್ಟೆ ಒಂದು ಬುಟ್ಟಿಯಲ್ಲಿದ್ದರೆ, ಮನೆಯಲ್ಲಿ ಮೊದಲು ಎದ್ದವರು ಯಾರೇ ಆಗಿರಲಿ, ಇನ್ನೊಬ್ಬರನ್ನು ಎಬ್ಬಿಸದೆ ಡಿಕಾಕ್ಷನ್ ಹಾಕಬಹುದು. ಹಿರಿಯರ ಔಷಧಗಳನ್ನು ಬೆಳಿಗ್ಗೆ ರಾತ್ರಿಗಳೆಂದು ಎರಡು ಬಣ್ಣದ ಬುಟ್ಟಿಗಳಲ್ಲಿ ಬೇರ್ಪಡಿಸಿದರೆ, ಓದಲು ಬಾರದ ಅಜ್ಜಿಗೂ ಅವುಗಳ ಭೇದ ಸ್ಪಷ್ಟ. ಚೀಟಿ ಅಂಟಿಸುವವರು ಮನೆಯಲ್ಲಿ ಎಲ್ಲರೂ ಓದುವ ಲಿಪಿಯಲ್ಲಿ, ನಮ್ಮಲ್ಲಾದರೆ ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಬರೆಯತಕ್ಕದ್ದು. ಪಾತ್ರೆ ತೊಳೆಯಲು ಬರುವ ಹೆಣ್ಣುಮಗಳಿಗೂ ಆ ಚೀಟಿ ಅಥವಾ ಆ ಬಣ್ಣ ಅರ್ಥವಾಗಬೇಕು. ಸೌಟು ಎಲ್ಲಿಡಲೆಂದು ಆಕೆಯೂ ದಿನಕ್ಕೊಮ್ಮೆ ಕೇಳುವವಳೇ ಅಲ್ಲವೆ?

ಕಡಪ ಕಲ್ಲಿನ ಹಲಗೆಗೆ ಆಳ ಹೆಚ್ಚು. ಮುಂದಿನ ಸಾಲಿನ ಡಬ್ಬಿಗಳು ಹಿಂದಿನ ಸಾಲನ್ನು ಮರೆಮಾಡುವುದರಿಂದ, ಹಿಂದೆ ಸರಿದ ಗಸಗಸೆಯ ಪೊಟ್ಟಣವು ಹುಳು ಹಿಡಿದ ಮೇಲೆಯೇ ಕಣ್ಣಿಗೆ ಬೀಳುವುದು. ಇಲ್ಲಿ ಉದ್ದನೆಯ, ಇಕ್ಕಟ್ಟಾದ ಬುಟ್ಟಿಯನ್ನು ಆಳದ ದಿಕ್ಕಿಗೆ ಇಟ್ಟರೆ ಅದು ಕಾಷ್ಠದ ಖರ್ಚಿಲ್ಲದ ಒಂದು ಸೆಳೆಖಾನೆಯಾಗುತ್ತದೆ. ಎಳೆದರೆ ಹಿಂದಿನದೆಲ್ಲ ಮುಂದೆ ಬರುತ್ತದೆ, ಒಳಗೆ ಚೆಲ್ಲಿದ ಪುಡಿಯು ಬುಟ್ಟಿಯೊಳಗೇ ಉಳಿಯುತ್ತದೆ. ಮನೆ ಬಿಡುವ ದಿನ ಇದನ್ನು ಹಾಗೆಯೇ ಎತ್ತಿಕೊಂಡು ಹೋಗಿ ಹೊಸ ಮನೆಯ ಹಲಗೆಯ ಮೇಲೆ ಇರಿಸಿದರೆ, ಅಡಿಗೆಮನೆಯ ಅರ್ಧಭಾಗವು ಆ ಸಂಜೆಯೇ ಸಿದ್ಧವಾಗುತ್ತದೆ. ಬಾಡಿಗೆದಾರರ ಪಾಲಿಗೆ ನಾಗಂದಿಗೆಯೂ ಗೂಡೂ ಹೀಗೆ ಸಂಚಾರಿಯಾದುದನ್ನು ನಾನು ನಿಜವಾದ ಪ್ರಗತಿಯೆಂದೇ ಎಣಿಸುತ್ತೇನೆ.

ಆದರೆ ಬುಟ್ಟಿಯನ್ನು ಮೊದಲು ಕೊಂಡು ಪದಾರ್ಥಗಳನ್ನು ಆಮೇಲೆ ಹೊಂದಿಸುವ ಅಭ್ಯಾಸವು ಸರಿಯಲ್ಲ; ಈಗ ಪ್ರಚಾರದಲ್ಲಿರುವುದು ಅದೇ. ಚಿತ್ರಗಳಲ್ಲಿ ಒಂದೇ ಬಣ್ಣದ ಬುಟ್ಟಿಗಳು ಸಾಲಾಗಿ ನಿಂತ ಮನೆಗಳನ್ನು ಕಂಡು, ಅದೇ ಮಾದರಿಯ ಹನ್ನೆರಡನ್ನು ಒಮ್ಮೆಗೇ ತಂದವರ ಮನೆಯಲ್ಲಿ, ಹಿಂದೆ ಮೇಜಿನ ಮೇಲೆ ಚೆಲ್ಲಾಪಿಲ್ಲಿಯಾಗಿದ್ದುದು ಈಗ ಮುಚ್ಚಳದ ಕೆಳಗೆ ಚೆಲ್ಲಾಪಿಲ್ಲಿಯಾಗಿರುತ್ತದೆ. ಹುಡುಕಬೇಕಾದ ಸ್ಥಳಗಳು ಮಾತ್ರ ಒಂದರಿಂದ ಹನ್ನೆರಡಕ್ಕೆ ಏರಿರುತ್ತವೆ. ಒಡೆದ ಚಾರ್ಜರು, ಅವಧಿ ಮೀರಿದ ಮಾತ್ರೆ, ಹಲ್ಲು ಮುರಿದ ಬಾಚಣಿಗೆ ಇವುಗಳನ್ನು ತೆಗೆದುಹಾಕಿ, ಉಳಿದುದನ್ನು ಕೆಲವು ದಿನ ಹಳೆಯ ರಟ್ಟಿನ ಪೆಟ್ಟಿಗೆಗಳಲ್ಲಿ ವಿಂಗಡಿಸಿ ಬಳಸಿ ನೋಡಿ, ಹಲಗೆಯ ಅಗಲ ಆಳಗಳನ್ನು ಅಳೆದುಕೊಂಡು, ಎಷ್ಟು ಬೇಕೋ ಅಷ್ಟನ್ನೇ ತರುವುದು ವಿವೇಕ. ಮುಚ್ಚಳವು ದಸರೆಯ ಬೊಂಬೆಗಳಂತೆ ವರ್ಷಕ್ಕೊಮ್ಮೆ ಹೊರಗೆ ಬರುವ ವಸ್ತುಗಳಿಗಿರಲಿ. ದಿನವೂ ಬಳಸುವುದು ತೆರೆದ ಬುಟ್ಟಿಯಲ್ಲಿಯೇ ಇರತಕ್ಕದ್ದು. ಕಾಣದ ವಸ್ತುವಿನ ಸ್ಥಾನವನ್ನು ಮತ್ತೆ ಯಾರೋ ಒಬ್ಬರು ನೆನಪಿಟ್ಟುಕೊಳ್ಳಬೇಕಾಗುತ್ತದೆ, ಆ ಒಬ್ಬರು ಯಾರೆಂಬುದು ನಮಗೆ ತಿಳಿದೇ ಇದೆ.

ಇನ್ನು ಈ ಬುಟ್ಟಿಗಳ ದ್ರವ್ಯವನ್ನು ಕುರಿತು. ಇವುಗಳಲ್ಲಿ ಬಹುಪಾಲು ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನವು. ಇಟಲಿಯ ಜೂಲಿಯೊ ನಾಟ್ಟಾ 1954ರಲ್ಲಿ ಇದನ್ನು ಗಟ್ಟಿಯಾದ, ಕ್ರಮಬದ್ಧವಾದ ರೂಪದಲ್ಲಿ ಪಡೆದರು. ಜರ್ಮನಿಯ ಕಾರ್ಲ್ ಝೀಗ್ಲರ್ ಅವರೊಡನೆ 1963ರ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು. ನೀರಿಗಿಂತ ಹಗುರವಾದ, ನೀರನ್ನು ಹೀರದ, ಸಾಬೂನು ಎಣ್ಣೆಗಳಿಗೆ ಜಗ್ಗದ ಈ ವಸ್ತುವು ಮಲೆನಾಡಿನ ಗೃಹಿಣಿಗೆ ಎಂತಹ ಆಸರೆಯೆಂಬುದನ್ನು ಮಳೆಗಾಲದಲ್ಲಿ ಅಲ್ಲಿ ವಾಸಿಸಿದವರೇ ಬಲ್ಲರು. ವರ್ಷಕ್ಕೆ ಸುಮಾರು 7000 ಮಿಲಿಮೀಟರು ಮಳೆ ಸುರಿಯುವ ಆಗುಂಬೆಯಂತಹ ಊರಿನಲ್ಲಿ ಬಿದಿರಿನ ಬುಟ್ಟಿಗೆ ಆಷಾಢದಲ್ಲಿ ಬೂಷ್ಟು ಹಿಡಿಯುತ್ತದೆ, ಬೇಸಗೆಯಲ್ಲಿ ಕುಟ್ಟೆ ಹುಳು ಕೊರೆದು ಹಳದಿಯ ಪುಡಿ ಉದುರಿಸುತ್ತದೆ; ಪ್ಲಾಸ್ಟಿಕ್ಕಿನದಕ್ಕೆ ಈ ಎರಡು ಬಾಧೆಗಳೂ ಇಲ್ಲ.

ಇದರ ಶತ್ರು ಬಿಸಿಲು. ಕಿಟಕಿಯ ಕಟ್ಟೆಯ ಮೇಲೆ ಅಥವಾ ತಾರಸಿಯಲ್ಲಿ ವರ್ಷಗಟ್ಟಲೆ ಇಟ್ಟ ಬುಟ್ಟಿಯು ಬಿಳಿಚಿ, ಮೈಯೆಲ್ಲ ಬಿರಿದು, ಒಂದು ದಿನ ಎತ್ತುವಾಗ ಹಿಡಿಯೊಡನೆ ಚೂರಾಗುತ್ತದೆ. ಆ ಚೂರುಗಳು ಮಣ್ಣಿನಲ್ಲಿ ಬೆರೆತರೆ ಮತ್ತೆ ಆರಿಸಿ ತೆಗೆಯುವುದು ಅಸಾಧ್ಯ. ನಮ್ಮ ಅಡಿಗೆಮನೆಯಲ್ಲಿ ಅರಿಸಿನದ ಕಲೆ ಅನಿವಾರ್ಯವಷ್ಟೆ. ಅದು ಬಿಸಿಲಿಗೆ ಮಾಸುತ್ತದೆ. ಒಂದೆರಡು ಮಧ್ಯಾಹ್ನ ಬಿಸಿಲಿಗಿಟ್ಟು ಕಲೆ ಹೋದೊಡನೆ ಒಳಗೆ ತರುವುದರಲ್ಲಿ ಅಪಾಯವಿಲ್ಲ, ಅಲ್ಲಿಯೇ ಮರೆಯಬಾರದು. ಒಲೆಯ ಪಕ್ಕದಲ್ಲಿ ಇವನ್ನು ಇಡಲೇಬಾರದು. ಬೆತ್ತದ ಹೆಣಿಗೆಯನ್ನು ಅನುಕರಿಸಿದ ಅಚ್ಚಿನ ವಿಷಯದಲ್ಲಿ ನನಗೆ ಸಹಾನುಭೂತಿ ಇಲ್ಲ. ಅದರ ಸಂದುಸಂದುಗಳಲ್ಲಿ ಎಣ್ಣೆಜಿಡ್ಡೂ ಧೂಳೂ ಸೇರಿ, ಬ್ರಷ್ಷಿನಿಂದ ಉಜ್ಜಿದರೂ ಬಿಡದಂತಾಗುತ್ತವೆ. ಅಲಂಕಾರದ ಈ ಋಣವನ್ನು ತೀರಿಸುವವಳು ಮತ್ತೆ ಗೃಹಿಣಿಯೇ. ಮೈ ನುಣುಪಾಗಿದ್ದು, ತಳದಲ್ಲಿಯೂ ಪಕ್ಕದಲ್ಲಿಯೂ ದುಂಡನೆಯ ರಂಧ್ರಗಳಿರುವ ಬುಟ್ಟಿಯು ಅಡಿಗೆಮನೆಗೆ ಶ್ರೇಷ್ಠ, ಮತ್ತು ಬಣ್ಣವನ್ನು ಸರಿಯಾಗಿ ಆರಿಸಿದರೆ ಕಣ್ಣಿಗೂ ಹಿತ.

ಕೆಲವು ಪದಾರ್ಥಗಳನ್ನು ಇದಕ್ಕೆ ಒಪ್ಪಿಸಲಾಗದು. ಈರುಳ್ಳಿಗೆ ಗಾಳಿಯಾಡುವ ಬುಟ್ಟಿ ಸಾಕು; ಆಲೂಗಡ್ಡೆಗೆ ಕತ್ತಲೆಯೂ ಬೇಕು, ಬೆಳಕಿಗೆ ಬಿದ್ದ ಗೆಡ್ಡೆ ಹಸುರಾಗಿ ವಿಷಾಂಶವನ್ನು ಕೂಡಿಸಿಕೊಳ್ಳುತ್ತದೆ. ರೇಷ್ಮೆಯ ಸೀರೆಯನ್ನು ಮುಚ್ಚಿದ ಪ್ಲಾಸ್ಟಿಕ್ಕಿನಲ್ಲಿ ಇಟ್ಟರೆ ಒಳಗೆ ಸಿಕ್ಕಿದ ತೇವದಿಂದ ಜರಿ ಕಪ್ಪಿಡುತ್ತದೆ. ಅದಕ್ಕೆ ಒಗೆದ ಹತ್ತಿಯ ಪಂಚೆಯ ಸುತ್ತು, ಆಗಾಗ ಮಡಿಕೆ ಬದಲಾಯಿಸುವ ಕೈ, ಇವೇ ರಕ್ಷೆ. ಗೌರಿಯ ಹಬ್ಬದ ಮೊರದ ಬಾಗಿನವೂ, ಅಕ್ಕಿ ಆರಿಸುವ ತಟ್ಟೆಯೂ, ಹೂವಿನ ಬುಟ್ಟಿಯೂ ಬಿದಿರಿನವಾಗಿಯೇ ಉಳಿಯಬೇಕೆಂಬುದು ನನ್ನ ಆಗ್ರಹ. ಕೇರಿದಾಗ ಕಾಳಿನಿಂದ ಹೊಟ್ಟನ್ನು ಬೇರ್ಪಡಿಸುವ ಆ ಹಗುರವಾದ ಕಸುವು ಬಿದಿರಿನ ಸೀಳಿಗೆ ಮಾತ್ರ ಉಂಟು.

ಮೇದರ ಕೇತಯ್ಯನಂತಹ ಶರಣನು ಹನ್ನೆರಡನೆಯ ಶತಮಾನದಲ್ಲಿ ಕಾಯಕವೆಂದು ಕೈಗೊಂಡ ಬುಟ್ಟಿ ಹೆಣೆಯುವ ವೃತ್ತಿಯನ್ನು ಪ್ಲಾಸ್ಟಿಕ್ ಕೊಂದಿತೆಂದು ಹೇಳುವುದು ರೂಢಿಯಾಗಿದೆ. ಅದು ಅರ್ಧಸತ್ಯ. ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ಸರ್ಕಾರವು ನಮ್ಮ ಕಾಡುಗಳ ಬಿದಿರನ್ನು ಕಾಗದದ ಕಾರ್ಖಾನೆಗಳಿಗೆ ಅತ್ಯಲ್ಪ ದರದಲ್ಲಿ ಒದಗಿಸಿತು. ಎಪ್ಪತ್ತರ ದಶಕದಲ್ಲಿ ಉತ್ತರ ಕನ್ನಡದ ಬಿದಿರನ್ನು ಅಧ್ಯಯನ ಮಾಡಿದ ಮಾಧವ ಗಾಡ್ಗೀಳರು, ಕಾರ್ಖಾನೆ ತೆರುತ್ತಿದ್ದ ಬೆಲೆಗೂ ಮೇದರು ಪೇಟೆಯಲ್ಲಿ ತೆರಬೇಕಾಗಿದ್ದ ಬೆಲೆಗೂ ಇದ್ದ ಅಜಗಜಾಂತರವನ್ನು ಎತ್ತಿ ತೋರಿಸಿದರು. ಕಾಡಿನ ಹೊರಗೆ ಬೆಳೆದ ಬಿದಿರನ್ನು ಮರವೆಂದು ಗಣಿಸಿ ಕಡಿಯಲು ಸಾಗಿಸಲು ಪರವಾನಗಿ ಕೇಳುತ್ತಿದ್ದ ಅರಣ್ಯ ಕಾಯಿದೆಗೆ ತಿದ್ದುಪಡಿ ಬಂದದ್ದು 2017ರಷ್ಟು ತಡವಾಗಿ. ಕಚ್ಚಾವಸ್ತುವನ್ನು ಕೈಯಿಂದ ಕಸಿದುಕೊಂಡ ಮೇಲೆ ಸ್ಪರ್ಧೆಗೆ ಪ್ಲಾಸ್ಟಿಕ್ ಬಂದಿತು. ಮೈಸೂರಿನ ಮೇದರ ಬ್ಲಾಕಿನಲ್ಲಿ ಇಂದಿಗೂ ಬಿದಿರು ಸೀಳುವವರಿದ್ದಾರೆ. ಅವರ ವೃತ್ತಿಯಲ್ಲಿ ಕಾಳಜಿಯುಳ್ಳವರು ಪ್ಲಾಸ್ಟಿಕ್ಕನ್ನು ಹಳಿದಷ್ಟಕ್ಕೆ ತೃಪ್ತರಾಗದೆ, ಬಿದಿರಿನ ಬೆಲೆಯನ್ನೂ ಪೂರೈಕೆಯನ್ನೂ ಕುರಿತು ಸರ್ಕಾರವನ್ನು ಪ್ರಶ್ನಿಸಬೇಕು, ಮತ್ತು ತಮ್ಮ ಮನೆಯ ಒಣ ಕೋಣೆಗಳಿಗೆ ಬೇಕಾದ ಬುಟ್ಟಿಗಳನ್ನು, ಚೌಕಾಸಿ ಮಾಡದೆ, ಅವರಿಂದಲೇ ಕೊಳ್ಳಬೇಕು.

ಪರಿಸರಚಿಂತಕರ ವ್ಯಥೆಗೆ ನನ್ನ ಉತ್ತರವಿದು. ಕರ್ನಾಟಕದಲ್ಲಿ 2016ರಲ್ಲಿಯೂ, ದೇಶಾದ್ಯಂತ 2022ರ ಜುಲೈ 1ರಿಂದಲೂ ಪ್ಲಾಸ್ಟಿಕ್ಕಿನ ಮೇಲೆ ಬಂದ ನಿಷೇಧಗಳು ಮುಖ್ಯವಾಗಿ ಗುರಿಯಿಟ್ಟದ್ದು ಒಮ್ಮೆ ಬಳಸಿ ಬಿಸುಡುವ ಸಾಮಗ್ರಿಗಳ ಮೇಲೆ, ಮತ್ತು ಆ ವಿವೇಚನೆ ಯುಕ್ತವಾಗಿತ್ತು. ಹದಿನೈದು ಇಪ್ಪತ್ತು ವರ್ಷ ಬಾಳುವ ಬುಟ್ಟಿಯು ಆ ವರ್ಗಕ್ಕೆ ಸೇರದು. ಆದರೆ ಪರದೆಯ ಬಣ್ಣ ಬದಲಾಯಿತೆಂದು ಎರಡು ವರ್ಷಕ್ಕೊಮ್ಮೆ ಬುಟ್ಟಿಗಳನ್ನೂ ಬದಲಾಯಿಸುವ ಮನೆಯಲ್ಲಿ ಅದೇ ವಸ್ತುವು ಬಿಸುಡುವ ಸಾಮಗ್ರಿಯಾಗಿ ಪರಿಣಮಿಸುತ್ತದೆ. ಅಂತಹ ಮನೆಗೆ ನನ್ನ ಸಮರ್ಥನೆ ಸಲ್ಲದು. ಮುರಿದ ಬುಟ್ಟಿಯನ್ನು ಹಸಿಕಸದೊಡನೆ ಹಾಕದೆ ಗುಜರಿಯವರಿಗೆ ಕೊಟ್ಟರೆ, ಬೆಂಗಳೂರಿನ ಜಾಲಿ ಮೊಹಲ್ಲಾದಂತಹ ಪೇಟೆಗಳ ಮೂಲಕ ಅದು ಕರಗಿ ಬಕೆಟ್ಟೋ ತೊಟ್ಟಿಯೋ ಆಗಿ ಮರಳುತ್ತದೆ. ಬಟ್ಟೆ ಅಂಟಿಸಿದ, ಮಿನುಗುಪುಡಿ ಲೇಪಿಸಿದ ಬುಟ್ಟಿಗಳು ಈ ದಾರಿಯನ್ನು ಸುಲಭವಾಗಿ ಹಿಡಿಯಲಾರವು. ಅವನ್ನು ಕೊಳ್ಳದಿರುವುದೇ ಮೇಲು.

ತಯಾರಕರಲ್ಲಿ ನಾನು ಕೇಳುವುದು ಹೆಚ್ಚೇನಲ್ಲ. ಬುಟ್ಟಿಯ ತಳದಲ್ಲಿ ತ್ರಿಕೋನದೊಳಗೆ ಅಚ್ಚೊತ್ತುವ ಸಂಖ್ಯೆಯನ್ನು, ಪಾಲಿಪ್ರೊಪಿಲೀನ್‌ಗಾದರೆ 5 ಎಂಬುದನ್ನು, ಕನ್ನಡಕವಿಲ್ಲದೆ ಓದುವಷ್ಟು ದೊಡ್ಡದಾಗಿ ಒತ್ತಲಿ; ಗುಜರಿಯ ಕೆಲಸಗಾರನಿಗೂ ಅದೊಂದು ನೆರವು. ಪ್ರತಿ ವರ್ಷ ಅಳತೆ ಬದಲಾಯಿಸಿ ಹಳೆಯ ಜೋಡಣೆಯನ್ನು ಅಂಗಹೀನ ಮಾಡದೆ, ಒಂದೇ ಅಳತೆಯನ್ನು ಹತ್ತು ವರ್ಷವಾದರೂ ಕಾಯ್ದುಕೊಂಡು ಬಂದು, ಒಡೆದ ಒಂದು ಮುಚ್ಚಳವನ್ನು ಬಿಡಿಯಾಗಿ ಮಾರಲಿ. ಪರದೇಶದ ಕಪಾಟುಗಳ ಅಳತೆಗೆ ಹೊಯ್ದ ಅಚ್ಚುಗಳನ್ನು ತರಿಸಿಕೊಳ್ಳುವ ಬದಲು, ನಮ್ಮ ಬಡಾವಣೆಗಳ ನಾಲ್ಕಾರು ಅಡಿಗೆಮನೆಗಳಿಗೆ ಹೋಗಿ, ಕಡಪ ಕಲ್ಲಿನ ಹಲಗೆಯ ಆಳವನ್ನೂ ಎರಡು ಹಲಗೆಗಳ ನಡುವಣ ಎತ್ತರವನ್ನೂ ಅಳೆದು, ಆ ಮನೆಗಳಲ್ಲಿ ಅಡಿಗೆ ಮಾಡುವವರನ್ನು ಕೇಳಿ, ಆಮೇಲೆ ಅಚ್ಚು ಕೊರೆಯಿಸಲಿ.